ವಾಲ್ವಿನ ವ್ಯಾಮೋಹ: ಸೋದರಳಿಯನಿಗೊಂದು ಉತ್ತರ

ಹೋದ ಭಾನುವಾರ ರಾತ್ರಿ ಕ್ಯಾಲಿಫೋರ್ನಿಯಾದಿಂದ ನನ್ನ ಅಕ್ಕನ ಮಗ ಫೋನು ಮಾಡಿದ್ದ. ಆರೋಗ್ಯ ವಿಚಾರಿಸಿ, ಮಳೆ ಕೇಳಿ, ಅಡಿಕೆಯ ಧಾರಣೆ ಕೇಳಿ, ಕೊನೆಗೆ ವಿಷಯಕ್ಕೆ ಬಂದ. "ಮಾವ, ನೀವು ಆ ಹುಡುಗನಿಗೆ ತಪ್ಪು ದಾರಿ ತೋರಿಸಿದ್ದೀರಿ. ಮಾಡೆಲಿಂಗ್ ಅನ್ನೋದು ಪ್ಲಾಸ್ಟಿಕ್ ಹೂವಿದ್ದ ಹಾಗೆ. ವಾಲ್ವ್ ಆಂಪ್ಲಿಫೈಯರ್ ಇಲ್ಲದೆ ಎಲೆಕ್ಟ್ರಿಕ್ ಗಿಟಾರಿಗೆ ದನಿಯೇ ಇಲ್ಲ" ಎಂದ. ನಾನು "ಆಯ್ತಪ್ಪ, ಊಟ ಮಾಡಿದೆಯಾ" ಎಂದು ಮಾತು ತಿರುಗಿಸಿದೆ. ಫೋನಿನಲ್ಲಿ ವಾದಿಸುವುದು ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಕಪ್ಪುಹಲಗೆಯ ಮುಂದೆ ನಿಂತವನಿಗೆ ಬರೆದು ತೋರಿಸದ ಹೊರತು ಸಮಾಧಾನವಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಅಳಿಯನೂ ಇದನ್ನು ಓದುತ್ತಾನೆ. ಅವನ ತಾಯಿಯೂ ಓದುತ್ತಾಳೆ. ಇಬ್ಬರೂ ಮುನಿಸಿಕೊಳ್ಳಬಾರದೆಂದು ಮೊದಲೇ ಕೋರುತ್ತೇನೆ.

ಹುಡುಗ ಯಾರೆಂಬುದನ್ನು ಮೊದಲು ಹೇಳಬೇಕು. ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯವನು. ಅವನ ತಂದೆ ನನ್ನ ಹಳೆಯ ವಿದ್ಯಾರ್ಥಿ. ಎರಡೂವರೆ ಎಕರೆ ಅಡಿಕೆ ತೋಟ, ನಂಬಿದ್ದು ಒಂದು ಕೊಳವೆಬಾವಿ. ಮಗ ಡಿಪ್ಲೊಮಾ ಮುಗಿಸಿ, ಕೆಲಸ ಹುಡುಕುತ್ತಲೇ, ಒಂದು ವಾದ್ಯಗೋಷ್ಠಿಯಲ್ಲಿ ಗಿಟಾರ್ ನುಡಿಸುತ್ತಾನೆ. ಗಣೇಶನ ಹಬ್ಬದಿಂದ ಮೊದಲ್ಗೊಂಡು ರಾಜ್ಯೋತ್ಸವದವರೆಗೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗದ ಸುತ್ತಮುತ್ತ ಇಂಥ ಗೋಷ್ಠಿಗಳಿಗೆ ಬಿಡುವಿಲ್ಲ. ಉಳಿದ ದಿನಗಳಲ್ಲಿ ಮದುವೆಯ ಆರತಕ್ಷತೆಗಳುಂಟು. ಕಳೆದ ವರ್ಷ ಹಬ್ಬದಲ್ಲಿ ಅವನು ತನ್ನ ಮಾಡೆಲಿಂಗ್ ಯಂತ್ರವನ್ನು, ಅಂದರೆ ಕಾಲಿನಿಂದ ಒತ್ತುವ ಗುಂಡಿಗಳಿರುವ ಆ ಪೆಟ್ಟಿಗೆಯನ್ನು, ನೇರವಾಗಿ ಮೈಕ್‌ಸೆಟ್‌ನವರ ಮಿಕ್ಸರಿಗೆ ಜೋಡಿಸಿ ನುಡಿಸಿದ. ಹೊರಬಂದ ದನಿ ಕಣಜದ ಗೂಡಿಗೆ ಕಲ್ಲು ಹೊಡೆದಂತಿತ್ತು. ಗೋಷ್ಠಿಯ ಯಜಮಾನರು ಎಲ್ಲರೆದುರಿಗೇ, "ಮುಂದಿನ ಸೀಸನ್ನಿಗೆ ನಿಜವಾದ ಆಂಪ್ಲಿಫೈಯರ್ ತಂದರೆ ಬಾ, ಇಲ್ಲವಾದರೆ ಬೇಡ" ಎಂದುಬಿಟ್ಟರು. ನಿಜವಾದದ್ದು ಎಂದರೆ ವಾಲ್ವಿನದು. ಹೆಸರಾಂತ ಕಂಪನಿಯ ಒಳ್ಳೆಯದೊಂದಕ್ಕೆ ಲಕ್ಷದ ಮಾತು. ಹುಡುಗನ ತಾಯಿ ತಮ್ಮ ಎರಡೆಳೆ ಸರವನ್ನು ಅಡವಿಡಲು ಸಿದ್ಧರಾದರು. ಅಡವಿಡುವ ಹಿಂದಿನ ದಿನ, ದೇವರ ದಯೆಯೋ ಏನೋ, ತಂದೆ ಮಗ ಇಬ್ಬರೂ "ಮೇಷ್ಟ್ರನ್ನು ಒಂದು ಮಾತು ಕೇಳೋಣ" ಎಂದು ನಮ್ಮ ಮನೆಗೆ ಬಂದರು.

ಗಿಟಾರಿನ ವಿಷಯವಾಗಿ ವಿಜ್ಞಾನದ ಮೇಷ್ಟ್ರನ್ನು ಕೇಳುವುದೇಕೆಂದು ಹೊಸ ಓದುಗರಿಗೆ ಅನ್ನಿಸಬಹುದು. ಹಳಬರಿಗೆ ಗೊತ್ತು. ಬಿ.ಎಡ್. ಮಾಡುವುದಕ್ಕೂ ಮೊದಲು, ಚಿತ್ರದುರ್ಗದಲ್ಲಿ ಕಾಲೇಜು ಓದುತ್ತಿದ್ದಾಗ, ನಾನೂ ಎರಡು ಮೂರು ಗಣೇಶೋತ್ಸವಗಳಲ್ಲಿ ಗಿಟಾರ್ ಹಿಡಿದು ವೇದಿಕೆ ಹತ್ತಿದವನೇ. ಆಗ ನನ್ನಲ್ಲಿ ಆಂಪ್ಲಿಫೈಯರ್ ಎಲ್ಲಿಂದ ಬರಬೇಕು? ನಮ್ಮ ತಂದೆಯವರ ವಾಲ್ವ್ ರೇಡಿಯೋದ ಹಿಂಬದಿಯಲ್ಲಿ ಗ್ರಾಮಫೋನ್ ಜೋಡಿಸುವ ಎರಡು ರಂಧ್ರಗಳಿದ್ದವು. ಅಲ್ಲಿಗೆ ಗಿಟಾರಿನ ತಂತಿ ಸಿಕ್ಕಿಸಿ, ಧ್ವನಿಯ ಗುಬುಟನ್ನು ಪೂರ್ತಿ ತಿರುಗಿಸಿದರೆ, ಅಂಚು ಸ್ವಲ್ಪ ಹರಿದ, ಬೆಚ್ಚಗಿನ, ಬೆಲ್ಲದ ಪಾಕದಂಥ ಒಂದು ದನಿ ಬರುತ್ತಿತ್ತು. ಸ್ವಿಚ್ಚು ಹಾಕಿದ ಅರ್ಧ ನಿಮಿಷಕ್ಕೆ ವಾಲ್ವು ಕೆಂಪಗಾಗುವುದು, ಕಾದ ಧೂಳಿನ ವಾಸನೆ, ಅಮ್ಮನ ಬೈಗುಳ ಎಲ್ಲವೂ ಇಂದಿಗೂ ನೆನಪಿವೆ. ಅಂಥ ವಾಲ್ವುಗಳನ್ನು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೇ ತಯಾರಿಸುತ್ತಿತ್ತು; ಬಿಇಎಲ್ ಗುರುತಿನ ಆ ಹಳೆಯ ವಾಲ್ವುಗಳನ್ನು ಈಗಲೂ ಹುಡುಕಿಕೊಂಡು ಕೊಳ್ಳುವ ಹವ್ಯಾಸಿಗಳು ವಿದೇಶಗಳಲ್ಲಿದ್ದಾರೆ. ಆದ್ದರಿಂದ, ಅಳಿಯಾ, ವಾಲ್ವಿನ ದನಿ ಏನೆಂಬುದನ್ನು ನೀನು ಹುಟ್ಟುವ ಮೊದಲೇ ನಾನು ಕೇಳಿದ್ದೇನೆ. ಅದರ ಮೇಲೆ ನನಗೆ ದ್ವೇಷವಿಲ್ಲ. ಅದರ ಹೆಸರಿನಲ್ಲಿ ಬಡವರ ಮನೆಯ ಸರ ಅಡವಿಗೆ ಹೋಗುವುದರ ಮೇಲೆ ದ್ವೇಷವಿದೆ.

ವಾಲ್ವು ಮಾಡುವುದಾದರೂ ಏನು? ಒಂಬತ್ತನೆಯ ತರಗತಿಯ ಶಬ್ದದ ಪಾಠವನ್ನು ನೆನಪಿಸಿಕೊಳ್ಳಿ. ಒಂದೇ ಸ್ವರವನ್ನು ಕೊಳಲಿನಲ್ಲೂ ಪಿಟೀಲಿನಲ್ಲೂ ನುಡಿಸಿದಾಗ ಬೇರೆಬೇರೆಯಾಗಿ ಕೇಳುವುದಕ್ಕೆ ಮೂಲಸ್ವರದ ಜೊತೆಗೆ ಬರುವ ಉಪಸ್ವರಗಳ ಪ್ರಮಾಣವೇ ಮುಖ್ಯ ಕಾರಣ ಎಂದು ಹೇಳಿಕೊಟ್ಟಿದ್ದೆ. ವಾಲ್ವಿಗೆ ಅದರ ಶಕ್ತಿಗೆ ಮೀರಿದ ಸಂಜ್ಞೆಯನ್ನು ಕೊಟ್ಟಾಗ ತರಂಗದ ಶಿಖರಗಳು ಮೊಂಡಾಗುತ್ತವೆ, ಹೊಸ ಉಪಸ್ವರಗಳು ಹುಟ್ಟುತ್ತವೆ. ಮೊಂಡಾಗುವುದು ಒಮ್ಮೆಲೇ ಕತ್ತರಿಸಿದಂತಲ್ಲ, ಮೆಲ್ಲಗೆ ಬಾಗಿದಂತೆ. ಅದೇ ಅದರ ಸೊಗಸು. ಮೆಲ್ಲಗೆ ಮೀಟಿದರೆ ಸ್ವಚ್ಛವಾಗಿಯೂ ಬಲವಾಗಿ ಮೀಟಿದರೆ ಒರಟಾಗಿಯೂ ಕೇಳುತ್ತದೆ. ಮಾಡೆಲಿಂಗ್ ಯಂತ್ರ ಮಾಡುವುದೂ ಇದನ್ನೇ, ಲೆಕ್ಕದ ಮೂಲಕ. ಗಿಟಾರಿನಿಂದ ಬಂದ ಸಂಜ್ಞೆಯನ್ನು ಸೆಕೆಂಡಿಗೆ 44,100 ಅಥವಾ 48,000 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ ಆ ವಾಲ್ವು, ಆ ಟ್ರಾನ್ಸ್‌ಫಾರ್ಮರು ಹೇಗೆ ಬಾಗಿಸುತ್ತಿತ್ತೋ ಹಾಗೆಯೇ ಬಾಗಿಸುತ್ತದೆ.

ಅಳಿಯನ ಮಾತಿನಲ್ಲಿ ಒಂದು ಕಾಲಕ್ಕೆ ಸತ್ಯವಿತ್ತು, ಅದನ್ನು ಒಪ್ಪಬೇಕು. ರೋಲೆಂಡ್ ಕಂಪನಿಯ ವಿಜಿ-8 ಬಂದದ್ದು 1995ರಲ್ಲಿ; ಲೈನ್ 6 ಕಂಪನಿಯ ಮೊದಲ ಮಾಡೆಲಿಂಗ್ ಆಂಪ್ಲಿಫೈಯರ್ 1996ರಲ್ಲಿ, ಹುರುಳಿಬೀಜದಾಕಾರದ ಅದರ ಕೆಂಪು ಪಾಡ್ 1998ರಲ್ಲಿ. ಆಗಿನ ಚಿಪ್ಪುಗಳಿಗೆ ಇಷ್ಟೆಲ್ಲ ಲೆಕ್ಕ ಮಾಡುವ ತ್ರಾಣ ಸಾಲದು. ಹೆಚ್ಚು ಆವೃತ್ತಿಯ ಉಪಸ್ವರಗಳು ಅಳತೆಯ ಮಿತಿಯನ್ನು ಮೀರಿ, ಮಡಚಿಕೊಂಡು, ಅಪಸ್ವರಗಳಾಗಿ ಹಿಂದಿರುಗುತ್ತಿದ್ದವು. ಕಿವಿಗೆ ಅದೊಂದು ಮರಳಿನಂಥ ಕರಕರ. ಅಳಿಯ ಅಮೆರಿಕಕ್ಕೆ ಹೋದದ್ದು ಆ ಕಾಲದಲ್ಲಿ. ಅವನ ಅಭಿಪ್ರಾಯವೂ ಅಲ್ಲಿಯೇ ನಿಂತಿದೆ. ಆದರೆ ಯಂತ್ರ ನಿಲ್ಲಲಿಲ್ಲ. 2006ರಲ್ಲಿ ಆಕ್ಸ್-ಎಫ್‌ಎಕ್ಸ್ ಬಂತು, 2011ರಲ್ಲಿ ಕೆಂಪರ್ ಬಂದು ಜೀವಂತ ಆಂಪ್ಲಿಫೈಯರಿನ ಪ್ರತಿಬಿಂಬವನ್ನೇ ಹಿಡಿಯುವುದನ್ನು ಕಲಿಸಿತು. ಈಗಂತೂ ನ್ಯೂರಲ್ ಆಂಪ್ ಮಾಡೆಲರ್ ಎಂಬ, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ತಂತ್ರಾಂಶವೇ ಇದೆ. ಅದು ನಿಜವಾದ ಆಂಪ್ಲಿಫೈಯರಿನ ಮುಂದೆ ವಿದ್ಯಾರ್ಥಿಯಂತೆ ಕುಳಿತು, ಒಳಹೋದ ದನಿ ಹೊರಬರುವಾಗ ಏನಾಯಿತೆಂದು ಕಲಿತುಕೊಳ್ಳುತ್ತದೆ. ಯಂತ್ರದೊಳಗಿನ ಲೆಕ್ಕಕ್ಕೆ ತಗಲುವ ವಿಳಂಬದ ಬಗ್ಗೆಯೂ ಅಳಿಯ ಗೊಣಗಿದ. ಮೂರು ಮಿಲಿಸೆಕೆಂಡ್ ಎಂದಿಟ್ಟುಕೊಳ್ಳೋಣ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಗುಣಿಸಿದರೆ ಒಂದು ಮೀಟರಿಗೆ ತುಸು ಹೆಚ್ಚು. ತನ್ನ ವಾಲ್ವ್ ಆಂಪ್ಲಿಫೈಯರಿನಿಂದ ಒಂದು ಮೀಟರ್ ದೂರ ನಿಂತವನು ಅಷ್ಟೇ ವಿಳಂಬವನ್ನು ಅನುಭವಿಸುತ್ತಾನೆ. ಅದಕ್ಕಾಗಿ ಯಾರೂ ಅತ್ತದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಆ ರಾತ್ರಿ ಹುಡುಗನ ದನಿ ಕಣಜದಂತೆ ಕೇಳಿದ್ದೇಕೆ? ಇಲ್ಲಿಯೇ ಇರುವುದು ಗುಟ್ಟು. ವಾಲ್ವಿನ ಭಕ್ತರಲ್ಲಿ ಹಲವರು ಇದನ್ನು ಗಮನಿಸುವುದೇ ಇಲ್ಲ.

ಎಲೆಕ್ಟ್ರಿಕ್ ಗಿಟಾರಿನ ದನಿಯ ಅರ್ಧಭಾಗವನ್ನು ರೂಪಿಸುವುದು ಕೊನೆಯಲ್ಲಿರುವ ಸ್ಪೀಕರು. ಗಿಟಾರ್ ಆಂಪ್ಲಿಫೈಯರಿನಲ್ಲಿರುವ ಹನ್ನೆರಡು ಅಂಗುಲದ ಕಾಗದದ ಕೋನು ಒಂದು ದೊಡ್ಡ ಜರಡಿ. ಸುಮಾರು 5,000 ಹರ್ಟ್ಸಿನ ಮೇಲೆ ಅದರ ದನಿ ಕಡಿದು ಬೀಳುತ್ತದೆ. ವಾಲ್ವು ಒರಟಾದಾಗ ಹುಟ್ಟಿದ ಚೂಪಾದ ಉಪಸ್ವರಗಳೆಲ್ಲ ಆ ಜರಡಿಯಲ್ಲಿ ಉಳಿದು, ಕೇಳುವವರಿಗೆ ಹಿತವಾದದ್ದು ಮಾತ್ರ ಹೊರಬರುತ್ತದೆ. ಮೈಕ್‌ಸೆಟ್‌ನವರ ಪೆಟ್ಟಿಗೆಗಳಲ್ಲಾದರೋ ತೀಕ್ಷ್ಣ ದನಿಗೆಂದೇ ಬೇರೆ ಹಾರನ್ ಇರುತ್ತದೆ. ಅದು 15,000 ಹರ್ಟ್ಸನ್ನೂ ನಿಷ್ಕರುಣೆಯಿಂದ ಕೇಳಿಸುತ್ತದೆ. ಈ ಕಾರಣಕ್ಕೇ ಯಂತ್ರದೊಳಗೆ ಸ್ಪೀಕರಿನ ಅನುಕರಣೆ ಎಂಬ ಒಂದು ಭಾಗವಿರುತ್ತದೆ. ಮಿಕ್ಸರಿಗೆ ಜೋಡಿಸುವಾಗ ಅದು ಚಾಲೂ ಇರಲೇಬೇಕು. ಗಿಟಾರ್ ಆಂಪ್ಲಿಫೈಯರಿಗೆ ಜೋಡಿಸುವಾಗ ಅದನ್ನು ಆರಿಸಲೇಬೇಕು, ಇಲ್ಲವಾದರೆ ಜರಡಿಯ ಮೇಲೊಂದು ಜರಡಿಯಾಗಿ, ಚಳ್ಳಕೆರೆಯ ಕಂಬಳಿಯನ್ನು ಎರಡು ಸುತ್ತು ಹೊದ್ದು ಮಾತನಾಡಿದಂತೆ ಕೇಳುತ್ತದೆ.

ಹುಡುಗನ ಪೆಟ್ಟಿಗೆಯನ್ನು ನಮ್ಮ ಮನೆಯ ಜಗಲಿಯಲ್ಲಿ ಬಿಚ್ಚಿ ನೋಡಿದೆ. ಯಂತ್ರ ಯಾವುದಕ್ಕೆ ಜೋಡಣೆಯಾಗಿದೆ ಎಂದು ಆರಿಸುವ ಕಡೆ "ಆಂಪ್" ಎಂದಿತ್ತು, "ಲೈನ್" ಎಂದಿರಬೇಕಾಗಿತ್ತು. ಅಷ್ಟೇ. ಒಂದು ಗುಂಡಿ. ಅದಕ್ಕೆ ಲಕ್ಷ ರೂಪಾಯಿ!

ಅಷ್ಟಕ್ಕೇ ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಕಣಜ ಹೋಯಿತು, ಗವಿಯೊಳಗಿಂದ ಗುಡುಗಿದಂಥ ದನಿ ಉಳಿಯಿತು. ಕಾರಣ ವಿಚಾರಿಸಿದಾಗ ತಿಳಿಯಿತು: ಹುಡುಗ ರಾತ್ರಿ ಹತ್ತರ ಮೇಲೆ, ಮನೆಯವರು ಮಲಗಿದ ನಂತರ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೆಲುದನಿಯಲ್ಲಿ ತನ್ನ ಸ್ವರಗಳನ್ನು ಹೊಂದಿಸಿದ್ದ. ಮನುಷ್ಯನ ಕಿವಿ ಒಂದು ವಿಚಿತ್ರ ಅಂಗ. ಮೆಲುದನಿಯಲ್ಲಿ ಅದಕ್ಕೆ ತಗ್ಗು ಸ್ವರಗಳು ಸರಿಯಾಗಿ ಕೇಳುವುದಿಲ್ಲ, ಅತಿ ಮೇಲಿನವೂ ಅಷ್ಟಾಗಿ ಕೇಳುವುದಿಲ್ಲ. ದನಿ ಜೋರಾದಂತೆ ಇವು, ಅದರಲ್ಲೂ ತಗ್ಗಿನವು, ಎದ್ದು ಬರುತ್ತವೆ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲಿಯೇ ಅಳೆದು ಪ್ರಕಟಿಸಿದ್ದಾರೆ. ಕೋಣೆಯಲ್ಲಿ ಮೆಲ್ಲಗೆ ನುಡಿಸುವವನು ಸಾಲದೆಂದು ಬಾಸನ್ನೂ ಟ್ರೆಬಲ್ಲನ್ನೂ ಏರಿಸುತ್ತಾನೆ, ನಡುವಿನದನ್ನು ಇಳಿಸುತ್ತಾನೆ. ಅದೇ ಹೊಂದಿಕೆಯನ್ನು ವೇದಿಕೆಗೆ ಕೊಂಡೊಯ್ದರೆ ಬಾಸು ಡೋಲಿನೊಡನೆ ಜಗಳಕ್ಕೆ ನಿಲ್ಲುತ್ತದೆ, ಟ್ರೆಬಲ್ಲು ತಾಳದೊಡನೆ ಕಾದಾಡುತ್ತದೆ, ಗಿಟಾರಿನ ಜೀವವಿರುವ ನಡುವಿನ ಸ್ವರಗಳೇ ಇಲ್ಲದೆ ವಾದ್ಯ ಮಾಯವಾಗುತ್ತದೆ. ಆಗ ಹುಡುಗ ದನಿ ಏರಿಸುತ್ತಾನೆ; ಕೀಬೋರ್ಡಿನವನೂ ಏರಿಸುತ್ತಾನೆ; ಗಾಯಕರು ಮೈಕನ್ನು ನುಂಗುವಂತೆ ಹಿಡಿಯುತ್ತಾರೆ. ಗಣಪತಿ ತನ್ನ ಮೊರದಗಲದ ಕಿವಿಗಳಿಂದ ಎಲ್ಲವನ್ನೂ ಸಹಿಸಿಕೊಳ್ಳುತ್ತಾನೆ.

ನಮ್ಮ ಊರಿನ ಸಮುದಾಯ ಭವನದಲ್ಲಿ ಒಂದು ಮಧ್ಯಾಹ್ನ ಮೈಕ್‌ಸೆಟ್‌ನವರನ್ನು ಕಾಡಿ ಬೇಡಿ ಪೆಟ್ಟಿಗೆಗಳನ್ನು ಜೋಡಿಸಿಸಿ, ಕಾರ್ಯಕ್ರಮದಷ್ಟೇ ಜೋರಾಗಿ ಇಟ್ಟುಕೊಂಡು, ಹುಡುಗನೂ ನಾನೂ ಎರಡು ಗಂಟೆ ಕುಳಿತೆವು. ಗಿಟಾರಿನ ಅತಿ ತಗ್ಗಿನ ತಂತಿಯ ಸ್ವರ 82 ಹರ್ಟ್ಸ್. ಅದಕ್ಕಿಂತ ಕೆಳಗೆ ಗಿಟಾರಿನದೇನೂ ಇಲ್ಲ, ಇರುವುದೆಲ್ಲ ಗದ್ದಲ. 80ರ ಕೆಳಗಿನದನ್ನು ಕತ್ತರಿಸಿದೆವು. ಮೇಲ್ಗಡೆ 6,000ದಿಂದಾಚೆಗೂ ಕತ್ತರಿ ಹಾಕಿದೆವು. ಗೇನ್ ಎಂಬ ಒರಟುತನದ ಗುಬುಟನ್ನು ಅವನು ಇಟ್ಟಿದ್ದ ಅರ್ಧಕ್ಕೆ ಇಳಿಸಿದೆವು. "ಸಾರ್, ಮಜಾನೇ ಹೋಯ್ತು" ಎಂದು ಮುಖ ಸಣ್ಣದು ಮಾಡಿದ. "ಮಜಾ ನಿನಗೋ, ಕೇಳುವವರಿಗೋ?" ಎಂದೆ. ರಿವರ್ಬ್ ಎಂಬ ಪ್ರತಿಧ್ವನಿಯನ್ನಂತೂ ಪೂರ್ತಿ ತೆಗೆಸಿದೆ. ತಗಡಿನ ಚಾವಣಿ, ಗಾರೆಯ ಗೋಡೆ, ಬರಿದಾದ ನೆಲ ಇರುವ ನಮ್ಮ ಸಮುದಾಯ ಭವನಗಳಲ್ಲಿ ಒಮ್ಮೆ ಕೆಮ್ಮಿದರೆ ಮೂರು ಸಲ ಕೇಳುತ್ತದೆ. ದುರ್ಗದ ಕೋಟೆಯ ಬಂಡೆಗಳ ನಡುವೆ ಕೂಗಿ ಆಡಿದವರಿಗೆ ಪ್ರತಿಧ್ವನಿಯನ್ನು ದುಡ್ಡು ಕೊಟ್ಟು ತರಬೇಕೇ?

ಇಲ್ಲಿಗೆ ವಾಲ್ವಿನವರ ಮೇಲಿನ ನನ್ನ ದೂರು ಮುಗಿಯಿತೆಂದು ಯಂತ್ರದವರು ಚಪ್ಪಾಳೆ ತಟ್ಟಬೇಕಾಗಿಲ್ಲ. ಅವರ ಸರದಿ ಈಗ. ಹುಡುಗನ ಯಂತ್ರದಲ್ಲಿ ಕಂಪನಿಯವರೇ ತುಂಬಿಕೊಟ್ಟ ಸಿದ್ಧ ಸ್ವರಗಳು ಹತ್ತಾರು ಇದ್ದವು, ಪ್ರಿಸೆಟ್ ಎನ್ನುತ್ತಾರೆ. ಒಂದೊಂದಕ್ಕೂ ಒಬ್ಬೊಬ್ಬ ಜಗದ್ವಿಖ್ಯಾತ ವಾದಕನನ್ನು ನೆನಪಿಸುವ ಹೆಸರು. ಇವು ಎಸ್‌ಎಸ್‌ಎಲ್‌ಸಿಯ ಪಾಸಿಂಗ್ ಪ್ಯಾಕೇಜಿದ್ದಂತೆ. ಅಂಗಡಿಯಲ್ಲಿ ಹೆಡ್‌ಫೋನ್ ಹಾಕಿಕೊಂಡವನು ಮೊದಲ ಅರ್ಧ ನಿಮಿಷದಲ್ಲಿ ಬೆರಗಾಗಿ ಹಣ ಕೊಡಲೆಂದು ಅವುಗಳನ್ನು ಮಾಡಿರುತ್ತಾರೆ. ಪ್ರತಿಧ್ವನಿಯೂ ಹೆಚ್ಚು, ಅಗಲವೂ ಹೆಚ್ಚು, ಎಲ್ಲವೂ ಹೆಚ್ಚು. ನಾಲ್ಕು ಜನ ವಾದ್ಯದವರ ನಡುವೆ ಅವು ನಿಲ್ಲುವುದಿಲ್ಲ. ಹುಡುಗ ಎರಡು ವರ್ಷಗಳಲ್ಲಿ ಒಂದು ಯಂತ್ರ ಮಾರಿ ಇನ್ನೊಂದು ಕೊಂಡು, ಇನ್ನೊಂದು ಮಾರಿ ಮತ್ತೊಂದು ಕೊಂಡಿದ್ದ; ಯಾವುದರ ಕೈಪಿಡಿಯನ್ನೂ ಪೂರ್ತಿ ಓದಿರಲಿಲ್ಲ. ಓದಿದ್ದರೆ "ಲೈನ್" ಎಂಬ ಗುಂಡಿ ಅವನಿಗೇ ಸಿಗುತ್ತಿತ್ತು, ನಮ್ಮ ಮನೆಯವರೆಗೆ ಬರಬೇಕಾಗಿರಲಿಲ್ಲ. ಇದನ್ನು ಅವನ ಎದುರಿಗೇ ಹೇಳಿದ್ದೇನೆ, ಆದ್ದರಿಂದ ಇಲ್ಲಿ ಬರೆಯಲು ಸಂಕೋಚವಿಲ್ಲ. ಒಂದೇ ಆಂಪ್ಲಿಫೈಯರಿನ ಮಾದರಿ, ಒಂದೇ ಸ್ಪೀಕರಿನ ಮಾದರಿ ಆರಿಸಿಕೊಂಡು ಆರು ತಿಂಗಳು ಅದನ್ನು ಬದಲಿಸಕೂಡದೆಂದು ಕಟ್ಟು ಹಾಕಿದ್ದೇನೆ. ಒರಟು ಬೇಕಾದಾಗ ಬಲವಾಗಿ ಮೀಟು, ಸ್ವಚ್ಛ ಬೇಕಾದಾಗ ಗಿಟಾರಿನ ಮೇಲಿನ ಗುಬುಟನ್ನೇ ತುಸು ಇಳಿಸು ಎಂದಿದ್ದೇನೆ.

ಇನ್ನು "ಪ್ಲಾಸ್ಟಿಕ್ ಹೂವು" ಎಂಬ ಮಾತಿಗೆ ಬರೋಣ. ಇದು ಹಳೆಯ ಮಾತು, ಹೊಸ ಬಾಯಿ. ಹಾರ್ಮೋನಿಯಂ ಬಂದಾಗಲೂ ಇದನ್ನೇ ಹೇಳಿದರು. 1940ರಲ್ಲಿ ಆಕಾಶವಾಣಿಯಿಂದ ಅದನ್ನು ಬಹಿಷ್ಕರಿಸಿ ಮೂರು ದಶಕ ಹೊರಗಿಟ್ಟರು. ಆ ಮೂವತ್ತು ವರ್ಷವೂ ನಮ್ಮ ಕಂಪನಿ ನಾಟಕಗಳು ನಡೆದದ್ದು ಅದೇ ಹಾರ್ಮೋನಿಯಂ ಮಾಸ್ತರರ ಬೆರಳಿನ ಮೇಲೆ. ಇಂದಿಗೂ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ರಂಗಗೀತೆ ಕೇಳಿದವರು ಆ ಪೆಟ್ಟಿಗೆಯನ್ನು ಕೃತಕವೆನ್ನಲಾರರು. 1970ರ ದಶಕದ ಕೊನೆಗೆ ಬೆಂಗಳೂರಿನಲ್ಲಿ ಕೊಳಲುವಾದಕರೂ ಎಂಜಿನಿಯರರೂ ಆದ ಜಿ. ರಾಜ್‌ನಾರಾಯಣ ಅವರು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ತಯಾರಿಸಿದರು. ರೇಡೆಲ್ ಎಂಬ ಹೆಸರು ಸಂಗೀತದ ಮನೆಗಳಿಗೆಲ್ಲ ಗೊತ್ತು. ತಂಬೂರಿಯ ಎದುರು ಅದೆಂಥ ದನಿ ಎಂದು ಮೂಗು ಮುರಿದವರ ಶಿಷ್ಯರೇ ಇಂದು ಅದರ ಗುಂಡಿಯೊತ್ತಿ ಸಾಧನೆಗೆ ಕೂರುತ್ತಾರೆ. ತಂಬೂರಿ ಸುಳ್ಳಾಯಿತೇ? ಇಲ್ಲ. ತಂಬೂರಿ ಹೊತ್ತು ಬಸ್ಸು ಹತ್ತಲಾರದ ಹಳ್ಳಿಯ ಹುಡುಗಿಗೂ ಶ್ರುತಿ ಸಿಕ್ಕಿತು. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿನಲ್ಲಿ ರಾಗ ನುಡಿಸಿದ ಮೇಲೆ ಅದು ಬ್ಯಾಂಡಿನವರ ವಾದ್ಯ ಎನ್ನುವ ಬಾಯಿಗಳು ತಾವಾಗಿಯೇ ಮುಚ್ಚಿದವು.

ಬಸ್ಸಿನ ಮಾತು ಬಂತು. ಅಳಿಯನ ಗ್ಯಾರೇಜಿನಲ್ಲಿ ಕಾರೂ ಇದೆ, ಆಂಪ್ಲಿಫೈಯರಿಗೆ ಜಾಗವೂ ಇದೆ. ಎರಡು ಸ್ಪೀಕರಿನ ಫೆಂಡರ್ ಟ್ವಿನ್ ಒಂದಕ್ಕೆ ಮೂವತ್ತು ಕೆ.ಜಿ.ಯ ಆಸುಪಾಸು ತೂಕ. ಅದನ್ನು ಹೊತ್ತು ರಾತ್ರಿ ಒಂದು ಗಂಟೆಗೆ ಹಿರಿಯೂರಿನ ಬಸ್ ನಿಲ್ದಾಣದಲ್ಲಿ ನಿಂತವನನ್ನು ಯಾವ ನಿರ್ವಾಹಕ ಹತ್ತಿಸಿಕೊಳ್ಳುತ್ತಾನೆ? ಯಂತ್ರವಾದರೆ ಶಾಲೆಯ ಚೀಲದಲ್ಲಿ ಹೋಗುತ್ತದೆ. ಹಬ್ಬದ ದಿನ ಊರೆಲ್ಲ ದೀಪ ಹಾಕಿದಾಗ ವೋಲ್ಟೇಜು ಎಷ್ಟಕ್ಕೆ ಇಳಿಯುತ್ತದೆಂಬುದು ಟ್ಯೂಬ್‌ಲೈಟು ಮಿಣುಕುವುದನ್ನು ನೋಡಿದವರಿಗೆ ಗೊತ್ತು. ವಾಲ್ವಿನ ಕಾವೂ ಒಳಗಿನ ವೋಲ್ಟೇಜೂ ಅದರ ಜೊತೆಗೇ ಇಳಿದು ದನಿ ಬಾಡುತ್ತದೆ. ಯಂತ್ರಗಳ ಅಡಾಪ್ಟರುಗಳಲ್ಲಿ ಹೆಚ್ಚಿನವು 100ರಿಂದ 240 ವೋಲ್ಟಿನವರೆಗೆ ಏನನ್ನು ಕೊಟ್ಟರೂ ನಡೆಯುತ್ತವೆ. ವಾಲ್ವು ಸುಟ್ಟರೆ ಹೊಸದು ಬರಬೇಕಾದದ್ದು ರಷ್ಯಾದಿಂದಲೋ ಸ್ಲೊವಾಕಿಯಾದಿಂದಲೋ ಚೀನಾದಿಂದಲೋ. ಹೊಳಲ್ಕೆರೆಯ ಅಂಗಡಿಯಲ್ಲಿ ಅದು ಸಿಗುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಇಬ್ಬರಿಗೂ ಸಮಾನ: ಭೂಸಂಪರ್ಕವಿಲ್ಲದ ಪ್ಲಗ್ಗಿಗೆ ಏನನ್ನೂ ಜೋಡಿಸಬೇಡಿ. "ಗುಂಯ್" ಎಂಬ ಸದ್ದು ಹೋಗಲೆಂದು ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಕಿತ್ತೆಸೆಯುವವರನ್ನು ಕಂಡಿದ್ದೇನೆ. ಒದ್ದೆ ಶಾಮಿಯಾನದ ಕೆಳಗೆ ಲೋಹದ ತಂತಿ ಹಿಡಿದು, ಮೈಕಿಗೆ ತುಟಿ ತಾಗಿಸುವವನ ಪ್ರಾಣ ಆ ಕಡ್ಡಿಯಲ್ಲಿದೆ.

ಅಳಿಯನಿಗೆ ಒಂದನ್ನು ಬಿಟ್ಟುಕೊಡುತ್ತೇನೆ. ಜೋರಾಗಿಟ್ಟ ಆಂಪ್ಲಿಫೈಯರಿನ ಮುಂದೆ ನಿಂತಾಗ ಗಾಳಿ ಅಂಗಿಗೆ ಬಡಿಯುತ್ತದೆ, ಸ್ಪೀಕರಿನ ದನಿ ಗಿಟಾರಿನ ತಂತಿಯನ್ನೇ ಮತ್ತೆ ಅಲುಗಿಸಿ ಸ್ವರ ಸಾಯದೆ ನಿಲ್ಲುತ್ತದೆ. ಹೆಡ್‌ಫೋನಿನಲ್ಲಿ ಆ ಸುಖವಿಲ್ಲ. ಆದರೆ ಅದು ಜೋರಿನ ಗುಣ, ವಾಲ್ವಿನದಲ್ಲ. ಮೈಕ್‌ಸೆಟ್‌ನವರ ಪೆಟ್ಟಿಗೆಯ ಮುಂದೆ ಯಂತ್ರದೊಡನೆ ನಿಂತರೂ ಸಿಗುತ್ತದೆ, ಹುಡುಗನಿಗೆ ಸಿಕ್ಕಿತು.

ಮುಂದೇನಾಯಿತೆಂದು ಕೇಳುವಿರಿ. ಹೊಸದುರ್ಗದ ಬಳಿ ಒಂದು ಆರತಕ್ಷತೆಗೆ ಗಿಟಾರಿನವರು ಕೈಕೊಟ್ಟದ್ದರಿಂದ ಯಜಮಾನರು ಬೇರೆ ದಾರಿಯಿಲ್ಲದೆ ಹುಡುಗನನ್ನೇ ಕರೆದರು. ಹಳೆಯ ಯಂತ್ರ, ಹೊಸ ಹೊಂದಿಕೆ. ಯಜಮಾನರು ಹೊಗಳಲಿಲ್ಲ, ಬೈಯಲೂ ಇಲ್ಲ. ಸಂಭಾವನೆಯ ಲಕೋಟೆ ಕೊಡುತ್ತಾ "ಹಬ್ಬಕ್ಕೆ ಡೇಟ್ ಬರೆದುಕೋ" ಎಂದರಂತೆ. ಗಾಯಕಿ ಮಾತ್ರ ಗಿಟಾರು ಬಹಳ ಕೇಳಿಸಿತೆಂದು ದೂರಿದರಂತೆ. ಮರುದಿನ ಹುಡುಗನ ತಾಯಿ ಒಂದು ಚೀಲ ತೆಂಗಿನಕಾಯಿಯೊಡನೆ ಬಂದಿದ್ದರು. ಸರ ಕೊರಳಲ್ಲಿತ್ತು.

ಅಳಿಯಾ, ಡಿಸೆಂಬರಿನಲ್ಲಿ ನೀನು ಬರುವೆಯಲ್ಲ, ಆಗ ಒಂದು ಪರೀಕ್ಷೆ ಇಡೋಣ. ನಿನ್ನ ಅಲ್ಲಿಯ ವಾಲ್ವ್ ಆಂಪ್ಲಿಫೈಯರಿನಲ್ಲಿ ಎರಡು ನಿಮಿಷ ನುಡಿಸಿ, ಅದರ ಮುಂದೆ ಮೈಕ್ ಇಟ್ಟು ಮುದ್ರಿಸಿ ತಾ. ಮೀಟಿದ ತಂತಿಯ ಬರಿಯ ಸಂಜ್ಞೆಯನ್ನೂ ಬೇರೆಯಾಗಿ ತಾ. ಅದನ್ನು ಹುಡುಗ ತನ್ನ ಯಂತ್ರದ ಮೂಲಕ ಹಾಯಿಸಿ, ಎರಡರ ದನಿಯ ಮಟ್ಟವನ್ನು ಸರಿಸಮ ಮಾಡುತ್ತಾನೆ. ಮಟ್ಟ ಸಮವಾಗಿರಬೇಕು, ಜೋರಾಗಿರುವುದೇ ಕಿವಿಗೆ ಚೆನ್ನಾಗಿ ಕೇಳುತ್ತದೆ, ಆ ಮೋಸ ಬೇಡ. ಹತ್ತು ಸಲ ಅದಲುಬದಲು ಮಾಡಿ ಕೇಳಿಸುತ್ತೇವೆ, ನೀನು ಗೋಡೆಯ ಕಡೆ ತಿರುಗಿ ಕುಳಿತು ಬರೆದುಕೋ. ನಿನ್ನ ಅಮ್ಮನೇ ಮೇಲ್ವಿಚಾರಕಿ. ಹತ್ತರಲ್ಲಿ ಒಂಬತ್ತು ಸರಿಯಾದರೆ ಈ ಬರಹವನ್ನು ಇಲ್ಲಿಂದ ತೆಗೆದುಹಾಕಿ ನಿನ್ನ ಉತ್ತರವನ್ನು ಪ್ರಕಟಿಸುತ್ತೇನೆ. ಅಂದಹಾಗೆ, ಬರುವಾಗ ಹುಡುಗನಿಗೆ ಹತ್ತರ ಗಾತ್ರದ ಎರಡು ಸೆಟ್ ತಂತಿ ತೆಗೆದುಕೊಂಡು ಬಾ. ಅವನ ತಂತಿಗಳು ತುಕ್ಕು ಹಿಡಿದಿವೆ.